ಬಿರುಕುಗಳ ಪಟ್ಟಿ

ಡಾಲಸ್ಸಿನ ಒಂದು ಸರ್ಕಾರಿ ವಸತಿ ಸಮುಚ್ಚಯವನ್ನು ಕೆಡವಿಸಿದ ಕೀರ್ತಿ ನನಗೆ ಸಲ್ಲಬೇಕು. ಉಳಿಸಲೆಂದೇ ಹೋಗಿದ್ದೆ ಎಂಬುದು ಸಣ್ಣ ವಿವರ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಗರಾಡಳಿತದವರು ಬಡವರಿಗೆಂದು ಕಟ್ಟಿಸಿದ ಎರಡಂತಸ್ತಿನ ಇಟ್ಟಿಗೆ ಮನೆಗಳು ಅವು. ನನ್ನ ಮಗಳ ಶಾಲೆಯ ಬಸ್ಸು ಓಡಿಸುತ್ತಿದ್ದ ಹೆಂಗಸು ನಾಲ್ಕನೆಯ ವಯಸ್ಸಿಗೇ, ಬಣ್ಣದ ವಾಸನೆ ಹೋಗುವ ಮೊದಲೇ, ಅಲ್ಲಿಗೆ ಬಂದವರು. ಮನೆಯೊಳಗೇ ನಲ್ಲಿಯಿದೆ ಎಂದು ಆಕೆಯ ತಾಯಿ ಮೊದಲ ದಿನವಿಡೀ ಅದನ್ನು ತಿರುಗಿಸಿ ನೋಡುತ್ತಿದ್ದರಂತೆ. ಈಗ ನಗರದವರು ಕೆಡವುವ ಮಾತೆತ್ತಿದ್ದರು. ಕಟ್ಟಡ ಗಟ್ಟಿಯಿದೆ ಎಂದು ಬರೆದುಕೊಡಲು ನಿವಾಸಿಗಳಿಗೊಬ್ಬ ಎಂಜಿನಿಯರ್ ಬೇಕಿತ್ತು. ನಿವೃತ್ತನಾಗಿ ಪಕ್ಕದ ಊರು ಕ್ಯಾರಲ್ಟನ್ನಿನಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ನನಗೆ ಆಕೆಯ ಫೋನ್ ಬಂತು.

ಆಕೆ ಟಾರ್ಚ್ ಹಿಡಿದರು, ನಾನು ಬರೆದೆ. ನಮ್ಮ ವಿಜಯಪುರದಂಥದೇ ಎರೆ ಮಣ್ಣು. ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಗೋಡೆಗೆ ಕೂದಲೆಳೆಯಷ್ಟು ಗೀರು ಬೀಳುತ್ತದೆ. ಕಟ್ಟಡಕ್ಕೆ ಏನೂ ಆಗಿರಲಿಲ್ಲ. ಆದರೆ ವಿಜಯಪುರದ ಲೋಕೋಪಯೋಗಿ ಇಲಾಖೆಯಲ್ಲಿ ಕಲಿತ ವಿದ್ಯೆ ಬಿಟ್ಟೀತೇ? ಹತ್ತು ದೋಷ ಬರೆದರೆ ನಾಲ್ಕರ ರಿಪೇರಿ ಮಂಜೂರಾಗುತ್ತದೆ.

ಆಕೆ ಮಂಚ ಸರಿಸಿದರು, ಕ್ಯಾಲೆಂಡರ್ ತೆಗೆದರು. "ಇದೂ ಬೇಕಾ? ನಾನು ಚಿಕ್ಕವಳಿದ್ದಾಗಿಂದ ಇದೆ."

"ಬೇಕು. ಒಂದನ್ನೂ ಬಿಡಬೇಡಿ. ಜಾಸ್ತಿ ಇದ್ದಷ್ಟೂ ನಿಮಗೇ ಒಳ್ಳೇದು."

ವರದಿಯನ್ನು ಟೈಪ್ ಮಾಡಿಕೊಟ್ಟವಳು ಹುಬ್ಬಳ್ಳಿ ಕಡೆಯ ನನ್ನ ಹೆಂಡತಿ. "ಮನಿ ಗಟ್ಟಿ ಐತಿ ಅನ್ನೂದು ಎಲ್ಲಿ ಬರದೀರಿ?"

"ಕೊನೇ ಪುಟದಲ್ಲಿದೆ."

"ಅಲ್ಲೀತನಕ ಯಾರು ಓದ್ತಾರ್ರೀ? ಕಟ್ಕೊಂಡಾಕಿ ನಾನೇ ಓದಂಗಿಲ್ಲ."

ಕೆಡವುವ ಕುರಿತ ಸಾರ್ವಜನಿಕ ವಿಚಾರಣೆಯ ದಿನ ನಗರದ ಅಧಿಕಾರಿ ನನ್ನ ಪಟ್ಟಿಯನ್ನು ಸಹಸ್ರನಾಮದ ಶ್ರದ್ಧೆಯಿಂದ ಓದಿದ. ಕೊನೆಯ ಪುಟದ ಹೊಸ್ತಿಲಲ್ಲಿ ನಿಲ್ಲಿಸಿ, ನಿವಾಸಿಗಳ ಎಂಜಿನಿಯರೇ ಇಷ್ಟು ಹೇಳಿದ ಮೇಲೆ ನಾವು ಹೇಳುವುದೇನಿದೆ ಎಂದ. ನಾನು ಎದ್ದೆ. ಎರೆ ಮಣ್ಣಿನ ಸ್ವಭಾವ ವಿವರಿಸುವಷ್ಟರಲ್ಲಿ ಮಾತಾಡಲು ನನಗಿದ್ದ ಮೂರು ನಿಮಿಷ ಮುಗಿಯಿತು. ಬಸ್ಸು ಓಡಿಸುತ್ತಿದ್ದಾಕೆ ಮಾತ್ರ, ಇನ್ನೇನೋ ಬಾಕಿಯಿದೆ ಎಂಬಂತೆ, ನನ್ನ ಮುಖವನ್ನೇ ನೋಡುತ್ತಿದ್ದರು.

ಕೆಡವುವ ಯಂತ್ರ ಬಂದ ಬೆಳಿಗ್ಗೆ ಇಬ್ಬರೂ ಬೇಲಿಯಾಚೆ ನಿಂತಿದ್ದೆವು. ಆಕೆಯ ಮನೆಯ ಗೋಡೆ ಮೊದಲ ಏಟಿಗೆ ಅಲುಗಲಿಲ್ಲ. ಎರಡನೆಯದಕ್ಕೂ ಇಲ್ಲ. ಚಾಲಕ ಇಳಿದು ಬಂದು, ಗೋಡೆಯನ್ನೊಮ್ಮೆ ನೋಡಿ, ಮತ್ತೆ ಹತ್ತಿದ. ನಾಲ್ಕನೆಯ ಏಟಿಗೆ ಮೇಲಿಂದ ಕೆಳಗಿನವರೆಗೆ ಸೀಳು ಬಿಟ್ಟಿತು.

ಆಕೆ ನನ್ನ ಕಡೆ ತಿರುಗಲಿಲ್ಲ. "ಅದು ನಿಮ್ಮ ಪಟ್ಟಿಯಲ್ಲಿರಲಿಲ್ಲ," ಎಂದರು. "ಬರ್ಕೊಳ್ಳಿ."

ಜೇಬಿನಲ್ಲಿ ಪೆನ್ನಿತ್ತು.