ಹೆಸರು ಹೇಳಬಾರದ ಪುಡಿ

ಅಂದು ರವಿವಾರ ಮಧ್ಯಾಹ್ನ ಹುಣಸೆಹಣ್ಣು ಹಚ್ಚಿ ದೇವರ ಸಾಮಾನು ತಿಕ್ಕುತ್ತಿದ್ದೆ. ಮರುದಿನ ಸೋಮವಾರ. ಕಿಲುಬು ಹಿಡಿದ ದೀಪ ಹಚ್ಚಿ ಕೈಮುಗಿಯಲು ನನಗೆ ಮನಸ್ಸು ಬರುವುದಿಲ್ಲ. ಅಷ್ಟರಲ್ಲಿ ಫೋನು ಬಂತು. ಹೊನವಾಡದಿಂದ ನನ್ನ ಅಕ್ಕನ ಗಂಡ.

"ಯವ್ವಾ, ನಿಮ್ಮಕ್ಕ ದ್ರಾಕ್ಷಿ ತೋಟದಾಗ ಕುಂತಾಕಿಗೆ ಏಳಾಕ ಬರವಲ್ದು. ಕಾಲಾಗ ಶಕ್ತೀನ ಇಲ್ಲಂತಾಳ, ಎದಿ ಡವಡವ ಅಂತೈತಂತ. ಗಾಡಿ ಮಾಡ್ಕೊಂಡು ವಿಜಾಪುರಕ್ಕ ಬರಾಕತ್ತೇವಿ. ನೀ ದವಾಖಾನಿಗೆ ಬಾ."

ಹುಣಸೆಹಣ್ಣಿನ ಕೈ ಸೀರೆಗೆ ಒರೆಸಿಕೊಂಡು ಹೊರಟೆ.

ಹೋದ ವರ್ಷದ ಹಿಂದಿನ ವರ್ಷ ಅಕ್ಕನ ಗರ್ಭಚೀಲ ತೆಗೆದಿದ್ದರು, ಅಂಡಾಶಯಗಳನ್ನೂ. ಆಮೇಲೆ ಅವಳ ಮೈಯಲ್ಲಿ ಬೆಂಕಿ ಎದ್ದಿತು. ಚಳಿಗಾಲದಲ್ಲೂ ಕುಪ್ಪಸ ಹಿಂಡುವಷ್ಟು ಬೆವರು. "ಒಲಿ ಅಡಗಿಮನ್ಯಾಗಿಲ್ಲ, ನನ್ನ ಹೊಟ್ಟ್ಯಾಗ ಐತಿ" ಎನ್ನುತ್ತಿದ್ದಳು. ನಗರದ ಡಾಕ್ಟರ್‌ಬಾಯಿ ಹಾರ್ಮೋನಿನ ಗುಳಿಗೆ ಬರೆದುಕೊಟ್ಟರು. ಉರಿ ಅರ್ಧ ಇಳಿಯಿತು. ಅರ್ಧವಾದರೂ ಇಳಿಯಿತಲ್ಲ ಎಂದು ನಾನು ಶಿವನಿಗೆ ಕಾಯಿ ಒಡೆಸಿದೆ. ಅಕ್ಕನಿಗೆ ಆ ಅರ್ಧ ಸಾಲಲಿಲ್ಲವೆಂಬುದು ನನಗೆ ಗೊತ್ತಾಗಲಿಲ್ಲ.

ದವಾಖಾನೆಯಲ್ಲಿ ನೋಡಿದರೆ ಬಿಪಿ ಏರಿತ್ತು, ಪಾದ ಬಾತಿದ್ದವು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿದೆ, ಹೀಗೆಯೇ ಬಿಟ್ಟರೆ ಹೃದಯ ನಿಲ್ಲಬಹುದು ಎಂದರು. ಡಾಕ್ಟರ್‌ಬಾಯಿ ಮಂಚದ ಹತ್ತಿರ ಬಾಗಿ ಕೇಳಿದರು:

"ಹಾರ್ಮೋನ್ ಗುಳಿಗಿ ಬಿಟ್ಟು ಬ್ಯಾರೆ ಏನರ ತಗೋತೀರೇನ್ರಿ? ಕಷಾಯ, ಪುಡಿ, ಗಿಡದ ಬೇರು?"

"ಏನೂ ಇಲ್ರಿ ಬಾಯಾರ."

ಪೊಟ್ಯಾಸಿಯಂ ಸೇರಿಸಿ ಸಲಾಯಿನ್ ಹಚ್ಚಿದರು. ಮರುದಿನ ಪರೀಕ್ಷೆ ಮಾಡಿದರೆ ಪೊಟ್ಯಾಸಿಯಂ ಏರಬೇಕಾದಷ್ಟು ಏರಿರಲಿಲ್ಲ. ಹಾಕಿದ್ದೆಲ್ಲ ಎಲ್ಲಿ ಹೋಗುತ್ತಿದೆ ಎಂದು ಅವರೂ ಚಿಂತೆ ಮಾಡಿದರು.

ನಾನು ಕುಡಿಯುವ ನೀರು ತುಂಬಿಕೊಂಡು ಒಳಗೆ ಬಂದಾಗ ಅಕ್ಕ ಸೆರಗಿನ ಗಂಟು ಬಿಚ್ಚಿ ಏನೋ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಏನದು ಯಕ್ಕಾ?"

"ಏನಿಲ್ಲ ಬಿಡ."

"ಪುಡಿ ತಗೋತೀರೇನು ಅಂತ ಬಾಯಾರು ಕೇಳಲಿಲ್ಲೇನು?"

"ಅಕಿ ಕೇಳಿದ್ದು ಅಂಗಡ್ಯಾಗಿನ ಪುಡಿ. ಇದು ಮಮದಾಪುರದ ಮುದುಕವ್ವ ಕೈಯಾರೆ ಕುಟ್ಟಿ ಕೊಟ್ಟದ್ದು. ಇದರ ಹೆಸರ ಕೇಳಬಾರ್ದು, ಹೇಳಬಾರ್ದು. ಹೇಳಿದ್ರ ಗುಣ ಹೋಗ್ತೈತಿ. ನನಗಷ್ಟ ಅಲ್ಲ, ತಗೊಂಡವರಿಗೆಲ್ಲಾ."

ನಗುವ ಮಾತಲ್ಲ ಇದು. ನಮ್ಮ ತವರಿನಲ್ಲಿ ಕಾಮಾಲೆಯ ಸೊಪ್ಪು ಕೊಡುತ್ತಿದ್ದ ನಮ್ಮವ್ವ ಕೂಡ ಸಾಯುವವರೆಗೆ ಆ ಗಿಡದ ಹೆಸರು ಬಾಯಿಬಿಟ್ಟವಳಲ್ಲ. ಆ ನಂಬಿಕೆಯಲ್ಲೇ ನಾವಿಬ್ಬರೂ ಬೆಳೆದವರು. ಆದರೆ ಅಕ್ಕನ ಪಾದದ ಮೇಲೆ ಬೆರಳು ಒತ್ತಿದರೆ ಬಿದ್ದ ಕುಳಿ ಏಳುತ್ತಿರಲಿಲ್ಲ. ಅವಳ ಅಂಗೈಯಲ್ಲಿ ಉಳಿದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಯ ಮೇಲಿಟ್ಟೆ. ಸಿಹಿ. ಸಕ್ಕರೆಯ ಸಿಹಿಯಲ್ಲ, ಗಂಟಲಲ್ಲಿ ಹಾಗೇ ನಿಲ್ಲುವ ಸಿಹಿ. ದನಿ ಕಟ್ಟಿದಾಗ ಮಕ್ಕಳ ಬಾಯಿಗೆ ಚೂರು ಇಡುತ್ತೇವಲ್ಲ, ಅದೇ.

ನನ್ನ ಮುಖ ನೋಡಿಯೇ ಅಕ್ಕನಿಗೆ ತಿಳಿಯಿತು.

"ಗೊತ್ತಾತೇನು?"

"ಹೂಂ."

"ಬಾಯಿ ಬಿಡಬ್ಯಾಡ. ಹಿರ್‍ಯಾಕಿ ಆಗಿ ನಿನ್ನ ಕಾಲ ಹಿಡೀತೀನಿ ನೋಡ."

ಹಾಗೆ ಅನ್ನಬೇಡವೆಂದು ಅವಳ ಕೈ ಹಿಡಿದುಕೊಂಡೆ. ಡಾಕ್ಟರ್‌ಬಾಯಿ ಬರುವವರೆಗೆ ಪಂಚಾಕ್ಷರಿ ಅನ್ನುತ್ತ ಕುಳಿತೆ. ಅವರು ಬಂದಾಗ ಸಣ್ಣ ದನಿಯಲ್ಲಿ ಹೇಳಿಬಿಟ್ಟೆ: "ಜ್ಯೇಷ್ಠಮಧು ತಿನ್ನಾಕತ್ತಾಳ್ರಿ." ಅಕ್ಕ ಗೋಡೆಯ ಕಡೆ ಹೊರಳಿದಳು.

"ಎಷ್ಟ ದಿನದಿಂದ?"

ಅಕ್ಕನ ಗಂಡ ಹೇಳಿದರು, "ದ್ಯಾಮವ್ವನ ಹಬ್ಬದ ಮುಂಚಿಂದ ದಿನಾ ಎರಡ ಹೊತ್ತು ಚಮಚೆಗಟ್ಲೆ ನುಂಗ್ತಾಳ್ರಿ. ಏನಂತ ನನಗೂ ಹೇಳಿಲ್ಲ, ಯಾರ ಮುಂದೂ ಅನ್ನಬ್ಯಾಡ ಅಂದಿದ್ಲು."

"ಗಂಟಲಕ್ಕ ಒಂದ ಚೂರು ತಿಂದ್ರ ಬ್ಯಾರೆ ಮಾತು. ಹಿಂಗ ತಿಂಗಳಗಟ್ಲೆ ತಿಂದ್ರ ಬಿಪಿ ಏರ್ತೈತಿ, ಪೊಟ್ಯಾಸಿಯಂ ಇಳೀತೈತಿ. ಅದರ ಜೋಡಿ ಹಾರ್ಮೋನ್ ಗುಳಿಗಿ ಇದ್ರ ಇನ್ನೂ ಜಾಸ್ತಿ ಆಗಬಹುದು. ಮೊದಲ ಹೇಳಬೇಕಿಲ್ಲೇನ್ರಿ?" ಎಂದು ಡಾಕ್ಟರ್‌ಬಾಯಿ ಗಂಟಿನಲ್ಲಿದ್ದ ಪುಡಿಯನ್ನು ಇಸಿದುಕೊಂಡರು. ಬಿಪಿ ಇಳಿಯುವವರೆಗೆ ಹಾರ್ಮೋನ್ ಗುಳಿಗೆಯನ್ನೂ ನಿಲ್ಲಿಸಿದರು.

ಪಕ್ಕದ ಮಂಚದ ಮುದುಕಿ ನನಗೆ ಕೇಳಿದಳು, "ಇಷ್ಟ ಸಿಹಿ ತಿಂದಾಳ ಅಂತೀರಿ, ಮಾರಿ ಯಾಕ ಹಂಗ ಕಹಿ ಮಾಡ್ಯಾಳ ಬೇ ನಿಮ್ಮಕ್ಕ?" ನಗು ಬರಲಿಲ್ಲ.

ಪೊಟ್ಯಾಸಿಯಂ ಏರಿತು. ಅಕ್ಕ ಗೋಡೆ ಹಿಡಿದು ನಡೆದಳು, ಆಮೇಲೆ ಗೋಡೆ ಬಿಟ್ಟು ನಡೆದಳು. ಅದು ಶಿವನ ದಯೆ. ಉಳಿದದ್ದನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕೋ ತಿಳಿಯದು. ಪುಡಿ ಹೋಯಿತು, ಗುಳಿಗೆ ನಿಂತಿತು, ಬೆಂಕಿ ತಿರುಗಿ ಬಂತು. ಬಿಪಿ ತಹಬಂದಿಗೆ ಬಂದರೆ ಬೇರೆ ದಾರಿ ನೋಡೋಣ ಎಂದು ಡಾಕ್ಟರ್‌ಬಾಯಿ ಅಂದರೂ ಅಕ್ಕ ಒಲ್ಲೆ ಎಂದಳು. ಹೆಸರು ಹೊರಗೆ ಬಿತ್ತೆಂದು ಮಮದಾಪುರದ ಮುದುಕಿ ಪುಡಿ ಕೊಡುವುದನ್ನೇ ಬಿಟ್ಟಳಂತೆ. ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಮುಖಪರಿಚಯದ ಹೆಂಗಸೊಬ್ಬಳು ನನ್ನನ್ನು ತಡೆದಳು:

"ಹೆಸರ ಹೇಳಿದಾಕಿ ನೀವ ಏನ್ರಿ? ನಮ್ಮ ನೆಗೆಣ್ಣಿ ಈಗ ಪುಡಿ ಇಲ್ದ ಹಗಲೂ ರಾತ್ರಿ ಬೀಸಣಿಕಿ ಹಿಡ್ಕೊಂಡ ಕುಂಡರ್ತಾಳ."

ನೆಗೆಣ್ಣಿಗೂ ಬಿಪಿ ನೋಡಿಸಿರಿ ಅನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಬಸ್ ಹತ್ತಿದ್ದಳು.

ಹೋದ ವಾರ ಅಕ್ಕ ತಪಾಸಣೆಗೆಂದು ಬಂದವಳು ನಮ್ಮ ಮನೆಗೂ ಬಂದಳು. ಚಹಾ ಕೊಟ್ಟೆ. ಕಪ್ಪನ್ನು ಮೂಗಿನ ಹತ್ತಿರ ಹಿಡಿದು, "ಇದರಾಗ ಏನ ಹಾಕೀದಿ? ಹೆಸರ ಹೇಳು. ನಿನಗ ಹೆಸರ ಹೇಳೂದು ಚಲೋ ಬರ್ತೈತಿ" ಎಂದಳು.

"ಶುಂಠಿ ಯಕ್ಕಾ."

ಕುಡಿದಳು. ಕುಡಿಯುತ್ತಲೇ ಹಣೆಯಿಂದ ಬೆವರು ಇಳಿಯಿತು. ಫ್ಯಾನು ಜೋರು ಮಾಡಿ, ಟವೆಲ್ಲು ಒದ್ದೆ ಮಾಡಿ ಕುತ್ತಿಗೆಗೆ ಹಾಕಿದೆ.

"ಜೀವ ಉಳೀತಲ್ಲ ಯಕ್ಕಾ" ಎಂದೆ.

"ಉಳೀತು. ಅದನ್ನ ಇಟಗೊಂಡು ಏನ ಮಾಡ್ಲಿ, ಅದನ್ನೂ ನೀನ ಹೇಳು."

ಹೊರಗೆ ನಳದಲ್ಲಿ ನೀರು ಬಂದ ಸಪ್ಪಳವಾಯಿತು. ಮತ್ತೆ ಯಾವಾಗ ಬಿಡುತ್ತಾರೋ ಎಂದು ಸೆರಗು ಸಿಕ್ಕಿಸಿಕೊಂಡು ಕೊಡ ಹಚ್ಚಲು ಹೋದೆ.