ಟವಲ್ಲಿನೊಳಗಿನ ಕೈ

ಇವತ್ತು ದನದ ಸಂತೆಯಲ್ಲಿ ದಲ್ಲಾಳಿಯೊಬ್ಬ ಟವಲ್ ಮುಚ್ಚಿ ನನ್ನ ಬೆರಳು ಅದುಮಿದ. ಗೊತ್ತಲ್ಲ, ನಮ್ಮ ಕಡೆ ಎತ್ತಿನ ಬೆಲೆಯನ್ನು ಬಾಯಲ್ಲಿ ಕೂಗುವುದಿಲ್ಲ. ಬಟ್ಟೆಯಡಿ ಬೆರಳು ಹಿಡಿದು ತಿಳಿಸುತ್ತಾರೆ. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಆ ಬೆವರಿದ ಕೈ ತಾಗಿದ್ದೇ ಮಹದೇವ ನೆನಪಾದ.

ತೊಂಬತ್ತರ ದಶಕ. ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಾಲೇಜಿಗೆ ಬಸ್ಸಿನಲ್ಲಿ ಒಟ್ಟಿಗೆ ಹೋಗುತ್ತಿದ್ದೆವು. ಭೀಮನಬೀಡಿನ ಮಹದೇವನಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ನನಗೆ ಕಣ್ಣಿತ್ತು, ಓದು ಹತ್ತುತ್ತಿರಲಿಲ್ಲ. ಪಾಠ ನಾನು ಗಟ್ಟಿಯಾಗಿ ಓದುತ್ತಿದ್ದೆ, ಅರ್ಥ ಅವನು ಹೇಳುತ್ತಿದ್ದ. ಲಾಭದ ವ್ಯವಹಾರ.

ಒಂದು ದಿನ ವಾಣಿಜ್ಯದ ಮೇಡಂ, "ವಿಶ್ವವಿದ್ಯಾನಿಲಯ ಹೊಸ ಪಠ್ಯಕ್ರಮದ ಕರಡು ಕೇಳಿದೆ. ಓದುವವರು ನೀವು, ಏನಿರಬೇಕು ಹೇಳಿ" ಎಂದರು.

"ನಮ್ ಬಸ್ ಬರೋಗಂಟ ಪಾಠ ಸುರು ಮಾಡ್ಬ್ಯಾಡಿ ಮೇಡಂ" ಎಂದೆ. ಎಲ್ಲರೂ ನಕ್ಕರು.

ಮಹದೇವ ಎದ್ದು ನಿಂತ. "ಪರೀಕ್ಸೆ ಬಾಯಲ್ಲೂ ತಗೊಳ್ಳಿ ಮೇಡಂ. ಇಲ್ದಿದ್ರೆ ಸಂತೆಗ್ ಕರ್ಕೊಂಡೋಗಿ ಟವಲ್ ಒಳಕ್ ಕೈ ಕೊಡಿ. ಅಲ್ಲಿ ಎಲ್ರೂ ನನ್ನಂಗೇಯ."

ಈ ಸಲ ಯಾರೂ ನಗಲಿಲ್ಲ. ಮೇಡಂ ಬರೆದುಕೊಂಡರು. ಎರಡು ಕೇಳಿದರೆ ಒಂದು ಸಿಗುತ್ತದೆಂಬುದು ನನ್ನ ಲೆಕ್ಕ. ಪಾಠಗಳ ಕ್ಯಾಸೆಟ್ಟೂ ಬೇಕೆಂದು ಸೇರಿಸಿದೆ. ಇದೆಲ್ಲ ಯಾವಾಗಿನಿಂದ ಜಾರಿಗೆ ಬರುತ್ತದೆ ಎಂದು ಕೇಳಲು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಮ್ಮ ವರ್ಷಕ್ಕೆ ಹಳೆಯ ನಿಯಮವೇ ಉಳಿಯಿತು. ಕೊನೆಯ ಪರೀಕ್ಷೆಯ ದಿನ ಅವನು ಬಾಯಲ್ಲಿ ಹೇಳುವ ಉತ್ತರವನ್ನು ಬರೆದುಕೊಡಬೇಕಾದವನು ಬರಲಿಲ್ಲ. ನಾನು ನನ್ನ ಪರೀಕ್ಷೆ ಬರೆದು ಹೊರಬಂದಾಗ ಮಹದೇವ ಬಾಗಿಲ ಪಕ್ಕದಲ್ಲೇ ಕೂತಿದ್ದ. ಆಮೇಲೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ.

ಹೊಸ ಪಠ್ಯಕ್ರಮ ಬಂದದ್ದು ನಾವು ಕಾಲೇಜು ಬಿಟ್ಟ ಮೇಲೆ. ಬಾಯಿ ಪರೀಕ್ಷೆ, ಕ್ಯಾಸೆಟ್ಟು, ಸಂತೆ, ಕೇಳಿದ್ದೆಲ್ಲ ಇತ್ತು. ಭೀಮನಬೀಡಿಗೆ ಓಡಿಹೋಗಿ ಅವನಿಗೆ ಓದಿ ಹೇಳಿದೆ. ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದವನ ಕೈ ನಿಂತಿತು.

"ಮತ್ತೆ ಕಾಲೇಜಿಗ್ ಸೇರ್ಕೊ ಕಣ್ಲಾ" ಎಂದೆ.

"ಯಾಪಾರ ಚೆಂದಾಗೇ ಕುದುರಿಸ್ದೆ ಕಣ್ಲಾ" ಎಂದ. "ಸಂತೆ ಎದ್ದೋದ್ಮೇಲೆ ಬಂದೆ, ಅಷ್ಟೇಯ. ನಮ್ಮವ್ವ ಇನ್ನೊಂದ್ಸಲ ನನ್ನ ಬಸ್ ಹತ್ಸಾಕಿಲ್ಲ."

ನನ್ನ ಮಾತು ಕೇಳಿ: ಯಾರಿಗಾಗಿ ಚೌಕಾಸಿ ಮಾಡುತ್ತೀರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಸಾಲದು, ಅವರಿರುವಾಗಲೇ ಮಾಲು ಕೈಗೆ ಬರಬೇಕು.

ದಲ್ಲಾಳಿ ಮತ್ತೆ ಬೆರಳು ಅದುಮಿದ. ನಾನು ಕಣ್ಣು ಮುಚ್ಚಿದ್ದೆ.

"ಏನಣ್ಣೋ, ನಿದ್ದೆ ಬಂತಾ?"

ಎತ್ತು ಕೊಳ್ಳುವ ಮನಸ್ಸು ಹೋಗಿತ್ತು. ಆ ಕೈ ಬಿಡಲು ಮಾತ್ರ ಆಗಲಿಲ್ಲ.