ಉಪ್ಪಿನ ಗದ್ದೆಯ ಮಳೆ

ಬೆಳಕು ಹರಿಯುವ ಮುಂಚೆ ಹಿತ್ತಲ ಕೊಳಾಯಿಯ ಕೆಳಗೆ ಕೊಡ ಇಡಬೇಕು. ಅದು ತುಂಬುವಷ್ಟರಲ್ಲಿ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆಯಬೇಕು. ಹಾಲು ಒಲೆಗಿಟ್ಟು, ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ದು, ಕರೆಂಟು ಹೋಗುವ ಮೊದಲು ಚಟ್ನಿ ರುಬ್ಬಬೇಕು. ಅತ್ತೆ ನಾಗಮ್ಮಾಳ್‌ಗೆ ಬಿಸಿನೀರು, ಗಂಡ ಮಣಿ ದ್ರಾಕ್ಷಿ ತೋಟಕ್ಕೆ ಒಯ್ಯಲು ಫ್ಲಾಸ್ಕಿನಲ್ಲಿ ಕಾಫಿ, ಮಗಳಿಗೆ ಎರಡು ಜಡೆ, ಎಲ್ಲರಿಗೂ ಡಬ್ಬಿ. ಬಳ್ಳಿಗೆ ಮದ್ದು ಹೊಡೆಯುವ ದಿನವಾದರೆ ಮಣಿಯ ಹಳೇ ಅಂಗಿ ಹುಡುಕಿ ತೆಗೆದಿಡಬೇಕು. ಸಂಜೆ ಅದನ್ನು ಬೇರೆ ಬಕೆಟ್ಟಿನಲ್ಲಿ ಒಗೆಯಬೇಕು. ಹಜಾರದಲ್ಲಿ ಎಲ್ಲರೂ ಮಲಗಿರುವುದರಿಂದ ದೀಪ ಹಾಕುವಂತಿಲ್ಲ. ಹಾಲು ಉಕ್ಕಲು ಏಳುವುದು, ಕೊಡದ ಕತ್ತಿಗೆ ನೀರು ಬರುವುದು, ಅತ್ತೆ ಮಗ್ಗುಲು ಬದಲಿಸುವುದು, ಎಲ್ಲವನ್ನೂ ತೇನ್‌ಮೊಳಿ ಕಿವಿಯಿಂದಲೇ ತಿಳಿಯುತ್ತಾಳೆ.

ಆಮೇಲೆ ಷೇರ್ ಆಟೋದಲ್ಲಿ ಕಂಬಂ ಪೇಟೆಗೆ ಬಂದು ಜೆಯಕುಮಾರ್ ಅಂಗಡಿಯ ಷಟರ್ ಎತ್ತುತ್ತಾಳೆ. ಬೀಗದ ಕೈ ಅವಳ ಹತ್ತಿರವೇ ಇರುತ್ತದೆ. ಹಳೆಯ ಗ್ರಾಮಫೋನ್ ತಟ್ಟೆಗಳು, ಕ್ಯಾಸೆಟ್ಟುಗಳು, ಓದಿ ಕೊಟ್ಟ ಪುಸ್ತಕಗಳು, ಸಿನಿಮಾ ಡಿವಿಡಿಗಳು ಮಾರುವ ಅಂಗಡಿ ಅದು. ಕೇರಳದ ಕಡೆ ಘಟ್ಟ ಹತ್ತುವವರು ಕಾರು ನಿಲ್ಲಿಸಿ ಇಣುಕುತ್ತಾರೆ. ತಟ್ಟೆ ಕೂಡಿಡುವ ಹುಚ್ಚಿನವರು ದಿಂಡಿಗಲ್‌ನಿಂದಲೂ ಬರುತ್ತಾರೆ. ಜೆಯಕುಮಾರ್ ಅವಳದೇ ಜಾತಿಯವನು; ತಲೆಮಾರುಗಳಿಂದ ತಮಿಳುನಾಡಿನಲ್ಲಿದ್ದರೂ ಮನೆಯಲ್ಲಿ ಕನ್ನಡ ಆಡುವ ಜನ ಅವರು. ಗಿರಾಕಿ ಇಲ್ಲದಾಗ ಅವಳೊಡನೆ ಕನ್ನಡ, ಗಿರಾಕಿ ಬಂದರೆ ತಮಿಳು.

ದೂಳು ಒರೆಸಲು ಸೇರಿದವಳು ಈಗ ಗಿರಾಕಿಗಳ ಜೊತೆ ಮಾತಾಡುತ್ತಿದ್ದಳು. ಆ ವರ್ಷ ಜೆಯಕುಮಾರ್ ಬಾಗಿಲ ಪಕ್ಕಕ್ಕೆ ಒಂದು ಮರದ ಶೆಲ್ಫು ಮಾಡಿಸಿ, 'ನಮ್ಮ ಅಂಗಡಿಯವರ ಮೆಚ್ಚು' ಎಂದು ಮೇಲೆ ಬರೆಸಿದ. ಕೆಲಸದವರು ಒಂದು ತಟ್ಟೆ, ಒಂದು ಪುಸ್ತಕ, ಒಂದು ಸಿನಿಮಾ ಆರಿಸಿ, ಯಾಕೆ ಇಷ್ಟ ಎಂದು ಚೀಟಿ ಬರೆದು, ತಮ್ಮ ಫೋಟೊ ಅಂಟಿಸಿ ಇಡಬೇಕು. ಜೊತೆಗೆ ಕೆಲಸ ಮಾಡುವ ನಿವೇತಾ, ಕಾಲೇಜು ಮುಗಿಸಿದ ಹುಡುಗಿ, ಅಲ್ಲೇ ನಿಂತು ಬರೆದುಬಿಟ್ಟಳು. ತೇನ್‌ಮೊಳಿಗೆ ತಟ್ಟೆ ಕಷ್ಟವಾಗಲಿಲ್ಲ. ಅಂಗಡಿಯಲ್ಲಿ ದಿನವಿಡೀ ಹಾಡು ತಿರುಗುತ್ತದೆ. ಆಟೋದಲ್ಲಿ ಬರುತ್ತಾ ಹೋಗುತ್ತಾ ತುಂಡುತುಂಡಾಗಿ ಓದಿದ ಪುಸ್ತಕವೂ ಒಂದಿತ್ತು. ಉಳಿದದ್ದು ಸಿನಿಮಾ.

ಅಂಗಡಿಯಲ್ಲಿ ಡಿವಿಡಿಗೆ ಗೀರು ಬಿದ್ದಿದೆಯೇ ಎಂದು ನೋಡಲು ಮೊದಲ ಸ್ವಲ್ಪ ಹೊತ್ತು ಮಾತ್ರ ಓಡಿಸುತ್ತಾರೆ. ಮನೆಯಲ್ಲಿ ಭಾನುವಾರ ಊಟವಾದ ಮೇಲೆ ಮಣಿ ಅಂಗಡಿಯಿಂದ ತರಿಸಿದ ಒಂದು ಸಿನಿಮಾ ಹಾಕುತ್ತಾನೆ. ಆಗ ಅವಳು ಅಡುಗೆಮನೆಯಲ್ಲಿ. ಹೀಗೆ ಸಿನಿಮಾಗಳ ಆರಂಭವನ್ನು ಕಣ್ಣಲ್ಲಿ ನೋಡಿ, ಕೊನೆಯನ್ನು ಕಿವಿಯಲ್ಲಿ ಕೇಳಿದವಳು ಅವಳು. ಅದರಲ್ಲಿ ಕೊರತೆಯಿದೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಅವಳ ಅಮ್ಮನೂ ಹಾಗೇ ನೋಡಿದ್ದು.

ಅವಳು ಆರಿಸಿದ್ದು ಒಂದು ಹಳೆಯ ಕಪ್ಪುಬಿಳುಪು ಸಿನಿಮಾ. ಚೀಟಿಯಲ್ಲಿ ತಮಿಳಿನಲ್ಲಿ ಹೀಗೆ ಬರೆದಳು: 'ಉಪ್ಪಿನ ಗದ್ದೆಯಲ್ಲಿ ದುಡಿಯುವ ಹೆಂಗಸಿನ ಕಥೆ. ಕೊನೆಗೆ ಯಾರೂ ಮಾತಾಡುವುದಿಲ್ಲ. ಮಳೆ ಸುರಿಯುತ್ತದೆ. ಆ ಮಳೆಯನ್ನು ಕೇಳಿ. ನಿಮ್ಮ ದುಃಖವೂ ತೊಳೆದುಹೋಗುತ್ತದೆ.'

ಶೆಲ್ಫಿನ ಬೇರೆಲ್ಲ ಚೀಟಿಗಿಂತ ಅದೇ ಹೆಚ್ಚು ಕೆಲಸ ಮಾಡಿತು. ಜನ ಓದಿ ನಿಲ್ಲುತ್ತಿದ್ದರು. ಜೆಯಕುಮಾರ್ ಅದರ ಫೋಟೊ ತೆಗೆದು ಅಂಗಡಿಯ ಪೇಜಿಗೆ ಹಾಕಿದ. ಮಣಿ ಅದನ್ನು ನೆಂಟರಿಗೆಲ್ಲ ಕಳಿಸಿ, "ಎಂಗೆ ಬರ್ದವ್ಳೆ ನೋಡು ನಮ್ ಮನೆಯವ್ಳು" ಅಂದ.

ಮುಂದಿನ ವಾರ, ಚೀಟಿ ಓದಿ ಆ ಡಿವಿಡಿ ಒಯ್ದಿದ್ದ ವಿಘ್ನೇಶ್ವರನ್ ಬಂದರು. ಬೋಡಿನಾಯಕನೂರಿನಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು.

"ಏನಮ್ಮಾ, ಮಳೆ ಎಲ್ಲಿ?" ಎಂದು ತಮಿಳಿನಲ್ಲಿ ಕೇಳಿದರು. "ಕೊಡೆ ಹಿಡಕೊಂಡೇ ಕೂತಿದ್ದೆ. ಒಂದು ಹನಿ ಬೀಳಲಿಲ್ಲ!"

"ಕೊನೆಯಲ್ಲಿ ಬರುತ್ತೆ ಸಾರ್," ಎಂದಳು ತೇನ್‌ಮೊಳಿ.

"ಕೊನೆ ತನಕ ನೋಡಿದೆನಮ್ಮಾ. ನಾನು ತೂತ್ತುಕ್ಕುಡಿ ಕಡೆಯವನು, ನಮ್ಮಪ್ಪ ಉಪ್ಪಿನ ಗದ್ದೆಯಲ್ಲೇ ಸವೆದವರು. ಅಲ್ಲಿ ಮಳೆ ಬಂದರೆ ದುಃಖ ತೊಳೆಯೋದಿಲ್ಲ, ಉಪ್ಪು ತೊಳೆದುಹೋಗುತ್ತೆ. ಜೊತೆಗೆ ಕೂಲೀನೂ!"

ಯಾರೋ ನಕ್ಕರು. ಜೆಯಕುಮಾರ್ ಡಿವಿಡಿ ಇಸಕೊಂಡು ಅಂಗಡಿಯ ಟಿವಿಗೆ ಹಾಕಿ ಕೊನೆಗೆ ಓಡಿಸಿದ. ಬಿಸಿಲು. ಬೆಳ್ಳಗೆ ಉರಿಯುವ ಗದ್ದೆ. ಒಂದು ಹೆಂಗಸು ಕೈಯಲ್ಲಿ ಉಪ್ಪು ಎಳೆಯುವ ಹಲುಬೆ ಹಿಡಿದು ನಿಂತಿದ್ದಾಳೆ. ಸದ್ದೇ ಇಲ್ಲ. ಅವಳು ನಿಂತೇ ಇದ್ದಳು, ತೆರೆ ಕಪ್ಪಾಯಿತು.

ತೇನ್‌ಮೊಳಿಗೆ ಮನೆಯಲ್ಲಿ ಈ ಸಿನಿಮಾ ಹಾಕಿದ್ದ ಭಾನುವಾರ ನೆನಪಾಯಿತು. ಹಿತ್ತಲಲ್ಲಿ ಕೊಳಾಯಿಯ ಕೆಳಗೆ ಅಲ್ಯೂಮಿನಿಯಂ ಹಂಡೆ ಇಟ್ಟು, ಒಳಗೆ ಒಲೆಯ ಮುಂದೆ ಶೇಂಗಾ ಹುರಿಯುತ್ತಿದ್ದಳು. ಹಜಾರದಲ್ಲಿ ಎಲ್ಲರೂ ತೆಪ್ಪಗಾಗಿದ್ದರು. ಅತ್ತೆ ಮೂಗು ಒರೆಸಿಕೊಂಡ ಸದ್ದು ಕೇಳಿತ್ತು. ಎಲ್ಲೋ ದೂರ ಮಳೆ ಸುರಿಯುತ್ತಿತ್ತು. ಅವಳೂ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು. ಆಮೇಲೆ ಹಿತ್ತಲಿಗೆ ಹೋದರೆ ಹಂಡೆ ತುಂಬಿ ಹರಿದಿತ್ತು. ನೀರು ಪೋಲು ಮಾಡಿದ್ದಕ್ಕೆ ಬೈಗುಳ ತಿಂದಿದ್ದಳು.

ಕುತ್ತಿಗೆಯಿಂದ ಕಿವಿಯವರೆಗೆ ಬಿಸಿಯೇರಿತು. "ಬೇರೆ ಪಡ ಇರಬೇಕು ಸಾರ್. ಎರಡು ಕಲೆಸಿಬಿಟ್ಟೆ," ಅಂದಳು. ಪಡ ಅಂದರೆ ಅವರಲ್ಲಿ ಸಿನಿಮಾ.

"ಹೋಗಲಿ ಬಿಡಮ್ಮಾ, ಒಳ್ಳೇ ಪಡಾನೇ ಕೊಟ್ಟಿದ್ದೀಯ," ಎಂದು ಮೇಷ್ಟ್ರು ನಗುತ್ತಲೇ ಹೋದರು. ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಗಿರಾಕಿಗಳು ಹೋದ ಮೇಲೆ ಜೆಯಕುಮಾರ್ ಕನ್ನಡಕ್ಕೆ ತಿರುಗಿದ. "ನಿಜ ಹೇಳು ತೇನು. ಪಡ ನೋಡಿದ್ಯಾ, ಇಲ್ವಾ?"

"ನೋಡಿವ್ನಿ ಅಣ್ಣಾ."

ನೋಡಿಲ್ಲ ಎಂದರೆ ಯಾಕೆ ಎನ್ನುತ್ತಾನೆ. ಮನೆಯ ಮಾತು ಅಂಗಡಿಯಲ್ಲಿ ಬಿಚ್ಚಬೇಕಾಗುತ್ತದೆ. ಮಣಿಯ ಸ್ನೇಹಿತರು ಇಲ್ಲಿಗೆ ಬರುತ್ತಾರೆ. ಹೆಂಡತಿಯನ್ನು ಎರಡು ಗಳಿಗೆ ಕೂರಗೊಡದ ಮನೆ ಅನ್ನುತ್ತಾರೆ. ಸುಳ್ಳಿನ ನಾಚಿಕೆ ಅವಳೊಬ್ಬಳದು, ನಿಜದ ನಾಚಿಕೆ ಮನೆಮಂದಿಯದು. ಅವಳು ಸುಳ್ಳಿಗೇ ಅಂಟಿಕೊಂಡಳು.

"ಸೋಮವಾರದೊಳ್ಗೆ ಬೇರೆ ಚೀಟಿ ಇಡು. ಇಲ್ದಿದ್ರೆ ನಿನ್ ಫೋಟೊ ತೆಗ್ದುಬುಡ್ತೀನಿ," ಎಂದ ಜೆಯಕುಮಾರ್. "ಅಂಗ್ಡಿ ಮಾತ್ನ ಯಾರ್ ನಂಬ್ತಾರೆ ಆಮೇಲೆ?"

ನಿವೇತಾ ಸಂಜೆ ಬಂದು ಒಂದು ಹಾಳೆ ಅವಳ ಕೈಗಿಟ್ಟಳು. "ನಾನೇ ಬರ್ದೆ ಅಕ್ಕಾ. ಉಪ್ಪು, ಬಿಸ್ಲು, ಮೌನ, ಎಲ್ಲಾ ಇದೆ. ನೀವು ನಿಮ್ಮ ಕೈಬರಹದಲ್ಲಿ ಎತ್ತಿ ಬರ್ಕೊಳ್ಳಿ, ಸಾಕು." ಚೆನ್ನಾಗಿ ಬರೆದಿದ್ದಳು. ತೇನ್‌ಮೊಳಿ ಅದನ್ನು ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡಳು.

ಭಾನುವಾರ ಆ ಡಿವಿಡಿಯನ್ನು ಮತ್ತೆ ಮನೆಗೆ ತಂದು, "ಮಾಮಾ, ಇದ್ನ ನಾನೂ ನೋಡ್ಬೇಕು," ಎಂದಳು ಗಂಡನಿಗೆ.

ಪುಳ್ಳೆ, ಅಂದರೆ ಹುಡುಗಿ, ಎಂದೇ ಅವಳನ್ನು ಕರೆಯುವ ಮಣಿಗೆ ಆಶ್ಚರ್ಯ. "ಯಾರ್ ಬ್ಯಾಡ ಅಂದ್ರು ಪುಳ್ಳೆ? ಬಾ, ಕುಂತ್ಕೊ. ನಾನೇನ್ ಕಟ್ಟಾಕಿದ್ನಾ?"

"ಕಾಪಿ ಒಂದ್ ಇಟ್ಬುಟ್ಟು ಕುಂತ್ಕೊ," ಎಂದರು ನಾಗಮ್ಮಾಳ್. "ಕೊನೇಲಿ ಏನೂ ಇಲ್ಲ ಅದ್ರಲ್ಲಿ. ಸುಮ್ನೆ ನಿಂತ್ಕೊತಾಳೆ ಅವ್ಳು."

"ಕತೆ ಏಳ್ಬ್ಯಾಡ ಅಮ್ಮಾ!" ಎಂದು ಮಣಿ ನಕ್ಕ.

ಕಾಫಿ ಕೊಟ್ಟು ಬಂದು ಅವಳು ಗೋಡೆಗೊರಗಿ ಕೂತಳು. ಮೊದಲ ಭಾಗ ಗೊತ್ತಿದ್ದದ್ದೇ. ಲೋಟ ಎತ್ತಿಡಲು ಎದ್ದಳು. ಮಗಳು ಕತ್ತರಿ ಕೇಳಿದಳು, ಕೊಟ್ಟಳು. ಹಾಲಿನವನು ಕರೆದ. ಮಣಿ, "ನಿಲ್ಸ್ಲಾ?" ಎಂದು ಕೇಳಿದ; "ಬ್ಯಾಡ, ಓಡ್ಲಿ," ಎಂದಳು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಎಲ್ಲರ ಕಣ್ಣೂ ಟಿವಿಯ ಮೇಲಿತ್ತು. ಉಪ್ಪಿನ ಗದ್ದೆಯ ಹೆಂಗಸು ಹಲುಬೆ ಕೈಗೆತ್ತಿಕೊಂಡಳು.

ಮರುಗಳಿಗೆ ನೋಡಿದರೆ ತೇನ್‌ಮೊಳಿ ಅಡುಗೆಮನೆಯಲ್ಲಿದ್ದಳು. ಕೈಯಲ್ಲಿ ರಾತ್ರಿಯ ಅಕ್ಕಿಯ ಪಾತ್ರೆ. ಯಾರೂ ಕರೆದಿರಲಿಲ್ಲ. ಯಾವಾಗ ಎದ್ದಳೋ ಅವಳಿಗೇ ತಿಳಿಯದು. ಹಜಾರದಿಂದ ಸದ್ದಿಲ್ಲ. ಓಡಿಹೋದರೆ ಕೊನೆಯನ್ನಾದರೂ ಕೂತು ನೋಡಬಹುದಿತ್ತು. ಪಾತ್ರೆ ಹಿಡಿದು ಅಲ್ಲೇ ನಿಂತಳು. ಅಂಗಡಿಯಲ್ಲಿ ಜನರೆದುರು ಆದದ್ದಕ್ಕಿಂತ, ಯಾರೂ ನೋಡದ ಈ ಪಾತ್ರೆಯ ಮುಂದೆ ಅವಳಿಗೆ ಹೆಚ್ಚು ನಾಚಿಕೆಯಾಯಿತು.

"ಎಂಗಿತ್ತು ಪಡ?" ಎಂದು ಮಣಿ ಅಲ್ಲಿಂದಲೇ ಕೂಗಿದ.

"ಚೆಂದಾಗಿತ್ತು," ಎಂದು ಇಲ್ಲಿಂದಲೇ ಹೇಳಿದಳು.

ಸೋಮವಾರ ಅವಳು ಷಟರನ್ನು ಅರ್ಧವೇ ಎತ್ತಿ ಒಳಗೆ ನುಸುಳಿದಳು. ಇನ್ನೂ ಯಾರೂ ಬಂದಿರಲಿಲ್ಲ. ಮೇಜಿನ ಮೇಲೆ ಹೊಸ ಚೀಟಿ ಇಟ್ಟು, ಪಕ್ಕದಲ್ಲಿ ನಿವೇತಾಳ ಹಾಳೆ ಬಿಡಿಸಿದಳು. 'ಬಿಸಿಲಿಗೆ ಬೆಂದ ಮೌನ' ಎಂದು ಶುರುವಾಗಿತ್ತು. ಅಷ್ಟನ್ನು ಎತ್ತಿ ಬರೆದಳು. ಪೆನ್ನು ನಿಂತಿತು. ಇದರ ಮೇಲೆ ಅವಳ ಫೋಟೊ ಇರುತ್ತದೆ. ಯಾರಾದರೂ ಬಂದು, ಆ ಮೌನ ಹೇಗಿತ್ತಮ್ಮಾ ಎಂದು ಕೇಳುತ್ತಾರೆ.

ಆ ಚೀಟಿಯನ್ನು ಹರಿದು, ಹಾಳೆಯನ್ನು ಮಡಿಸಿ ನಿವೇತಾಳ ಡ್ರಾಯರಿನಲ್ಲಿ ಇಟ್ಟಳು. ಇನ್ನೊಂದು ಚೀಟಿ ತೆಗೆದು ತನ್ನ ಗುಂಡನೆಯ ಅಕ್ಷರದಲ್ಲಿ ಬರೆದಳು:

'ಈ ಪಡವನ್ನು ನಾನು ನೋಡಿಲ್ಲ. ಅಡುಗೆಮನೆಯಿಂದ ಕೇಳಿದ್ದೇನೆ. ಮೊದಲು ಬರೆದ ಮಳೆ ಇದರಲ್ಲಿಲ್ಲ, ಅದು ನಮ್ಮ ಮನೆಯ ಕೊಳಾಯಿ ನೀರು. ಹೋದ ಭಾನುವಾರ ನೋಡಲು ಕೂತೆ, ಕೊನೆಗೆ ಎದ್ದುಹೋದೆ. ನೀವು ಕೂತು ನೋಡಿ. ಮನೆಯಲ್ಲಿ ಎಲ್ಲರೂ ಕೂತಿದ್ದಾರೆಯೇ ಎಂದೂ ನೋಡಿ. – ತೇನ್‌ಮೊಳಿ'

ಓದಿ ನೋಡಿದಾಗ ಮುಖಕ್ಕೆ ಮತ್ತೆ ಬಿಸಿಯೇರಿತು. ಮಣಿಯ ಸ್ನೇಹಿತರು ಓದುತ್ತಾರೆ. ಸಂಜೆಯೊಳಗೆ ಚೀಟಿಯ ಫೋಟೊ ಮನೆ ಸೇರುತ್ತದೆ. ಹೊರಗೆ ನಿವೇತಾಳ ಸ್ಕೂಟರ್ ನಿಂತ ಸದ್ದಾಯಿತು. ತೇನ್‌ಮೊಳಿ ಹಳೆಯ ಚೀಟಿಯಿಂದ ತನ್ನ ಫೋಟೊವನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಹೊಸದರ ಮೂಲೆಗೆ ಅಂಟಿಸಿ, ಶೆಲ್ಫಿನಲ್ಲಿ ಅದೇ ಜಾಗಕ್ಕೆ ಇಟ್ಟಳು. ಆಮೇಲೆ ಷಟರನ್ನು ಪೂರ್ತಿ ಎತ್ತಿದಳು.